ಮೆಣಸು, ಹುಳಿ, ಹಂದಿ: ಶಿವಮೊಗ್ಗ–ಭದ್ರಾವತಿ ಪರಿಸರದ ಒಂದು ಅಡುಗೆಯ ಚರಿತ್ರೆ

ಒಂದು ಪ್ರದೇಶದ ಚರಿತ್ರೆಯನ್ನು ಅರಸರ ವಂಶಾವಳಿ, ಯುದ್ಧ, ದಾನಶಾಸನ ಮತ್ತು ದೇವಾಲಯಗಳ ಮೂಲಕ ಕಟ್ಟಿಕೊಡುವ ಕ್ರಮ ಕನ್ನಡದಲ್ಲಿ ಸಾಕಷ್ಟು ಬೆಳೆದು ಬಂದಿದೆ. ಅದೇ ಪ್ರದೇಶದ ಜನ ಏನನ್ನು ಬೇಯಿಸಿ ಉಂಡರು, ಯಾವ ಖಾರವನ್ನು ಯಾವ ಹುಳಿಯೊಡನೆ ಬೆರೆಸಿದರು, ಆ ಅಡುಗೆಗೆ ಬೇಕಾದ ಪ್ರಾಣಿಯನ್ನು ಯಾರು ತಂದುಕೊಟ್ಟರು ಎಂಬ ಪ್ರಶ್ನೆಗಳಿಗೆ ಚರಿತ್ರೆಯ ಪುಟಗಳಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ಶಿವಮೊಗ್ಗ ನಗರ ಹಾಗೂ ಭದ್ರಾವತಿಯ ಸುತ್ತಣ ಪರಿಸರದಲ್ಲಿ ಹಂದಿಮಾಂಸದ ಖಾರದ ಅಡುಗೆ ಅನೇಕ ಸಮುದಾಯಗಳ ಹಬ್ಬದೂಟವಾಗಿಯೂ ವಾರದೂಟವಾಗಿಯೂ ಉಳಿದು ಬಂದಿದೆ. ಈ ಅಡುಗೆಯ ಚರಿತ್ರೆಯನ್ನು ಲಿಖಿತ ಆಕರ, ಭಾಷೆಯ ಸಾಕ್ಷ್ಯ ಮತ್ತು ಅಡುಗೆಯ ವಿಧಾನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಾಡಿನ ಬೇಟೆ, ಊರಿನ ಸಾಕಣೆ ಮತ್ತು ಕೈಗಾರಿಕೆಯ ವಲಸೆ ಎಂಬ ಮೂರು ಧಾರೆಗಳು ಇಲ್ಲಿ ಒಂದೇ ಪಾತ್ರೆಯಲ್ಲಿ ಸಂಗಮಿಸಿವೆ. ಇವುಗಳಲ್ಲಿ ಬೇಟೆಯ ಧಾರೆಗೆ ಸಾಹಿತ್ಯದ ಗೌರವ ಸಂದಿದೆ. ಸಾಕಣೆಯ ಧಾರೆಗೆ ಸಂದಿರುವುದು ತಿರಸ್ಕಾರ ಮಾತ್ರ. ಈ ಅಸಮತೆಯನ್ನು ಗುರುತಿಸದೆ ಈ ಅಡುಗೆಯ ಚರಿತ್ರೆ ಪೂರ್ಣವಾಗಲಾರದು.

ಪಾಕಗ್ರಂಥಗಳ ಮೌನ

ಕನ್ನಡದಲ್ಲಿ ಪಾಕಶಾಸ್ತ್ರದ ಪರಂಪರೆ ಹಳೆಯದು. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಮೀಸಲಾದ ಭಾಗವಿದೆ, 16ನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಅಡುಗೆಯನ್ನೇ ವಸ್ತುವಾಗಿ ಉಳ್ಳ ಕೃತಿ. ಮಂಗರಸನು ಜೈನ ಕವಿಯಾದುದರಿಂದ ಅವನ ಕೃತಿ ಸಸ್ಯಾಹಾರಕ್ಕೆ ಸೀಮಿತವಾದುದು ಸಹಜ. ಆದರೆ ಇದರ ಪರಿಣಾಮವಾಗಿ, ಕನ್ನಡ ಪಾಕಗ್ರಂಥಗಳನ್ನಷ್ಟೇ ಓದಿದವರಿಗೆ ಈ ನಾಡಿನಲ್ಲಿ ಮಾಂಸದ ಅಡುಗೆಯೇ ಇರಲಿಲ್ಲವೇನೋ ಎಂಬ ಭಾವನೆ ಮೂಡುವ ಸಾಧ್ಯತೆಯಿದೆ.

ಈ ಕೊರತೆಯನ್ನು ಭಾಗಶಃ ತುಂಬುವುದು ಕರ್ನಾಟಕದಲ್ಲೇ ರಚಿತವಾದ ಒಂದು ಸಂಸ್ಕೃತ ಗ್ರಂಥ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ವು 12ನೆಯ ಶತಮಾನದ ಮೊದಲ ಭಾಗಕ್ಕೆ ಸೇರಿದ್ದು. ಅದರ ಅನ್ನಭೋಗ ಪ್ರಕರಣದಲ್ಲಿ ಹಂದಿಯ ಅಡುಗೆಗೆ ವಿಶೇಷ ಸ್ಥಾನವಿದೆ. ಹಂದಿಯ ಮೇಲೆ ಬಟ್ಟೆ ಹೊದಿಸಿ ಬಿಸಿನೀರೆರೆದು ಕೂದಲನ್ನು ಸಡಿಲಗೊಳಿಸಿ ತೆಗೆಯುವುದು, ಬೆಂಕಿಯಲ್ಲಿ ಸುಡುವುದು, ಹೋಳುಗಳಾಗಿ ಸೀಳಿ ಉಪ್ಪು, ಮೆಣಸು ಮತ್ತು ಹುಳಿರಸಗಳಿಂದ ಹದಗೊಳಿಸುವುದು ಮೊದಲಾದ ಕ್ರಮಗಳನ್ನು ಆ ಗ್ರಂಥ ವಿವರಿಸುತ್ತದೆ. ಇಂದಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯು ಚಾಲುಕ್ಯರ ಕಾಲದಲ್ಲಿ ಬನವಾಸಿನಾಡಿನ ಪ್ರಮುಖ ಕೇಂದ್ರವಾಗಿತ್ತು. ಹೀಗಾಗಿ ಅರಮನೆಯ ಪಾಕಗ್ರಂಥವೊಂದು ಸುಡುವುದು, ಸೀಳುವುದು, ಮೆಣಸು ಹಾಕುವುದು, ಹುಳಿ ಹಿಂಡುವುದು ಎಂದು ಹೇಳುವ ನಾಲ್ಕು ಹಂತಗಳು ಮಲೆನಾಡಿನ ಅಂಗಳದ ಅಡುಗೆಯಲ್ಲೂ ಕಂಡುಬರುವುದು ಗಮನಾರ್ಹ. ಅರಮನೆಯಿಂದ ಈ ಅಡುಗೆ ಅಂಗಳಕ್ಕೆ ಇಳಿಯಿತೆಂದು ಇದರಿಂದ ಹೇಳಲಾಗದು. ಅಂಗಳದಲ್ಲಿ ಮೊದಲೇ ಇದ್ದುದನ್ನು ಅರಮನೆ ಬರೆಸಿಟ್ಟಿರುವ ಸಂಭವವೂ ಅಷ್ಟೇ ಇದೆ. ಚಾಲುಕ್ಯರ ಲಾಂಛನ ವರಾಹವಾಗಿತ್ತೆಂಬುದನ್ನೂ, ನಾಣ್ಯಕ್ಕೇ ವರಾಹವೆಂಬ ಹೆಸರು ನಿಂತು ಕೆಳದಿಯ ಕಾಲದ ಇಕ್ಕೇರಿ ವರಾಹದವರೆಗೆ ಮುಂದುವರಿಯಿತೆಂಬುದನ್ನೂ ಇಲ್ಲಿ ನೆನೆಯಬಹುದು. ಪೂಜ್ಯ ಪ್ರತೀಕ, ಬೇಟೆಯ ಪ್ರಾಣಿ ಮತ್ತು ಊಟದ ಪದಾರ್ಥ ಎಂಬ ಮೂರು ನೆಲೆಗಳಲ್ಲಿ ಹಂದಿ ಏಕಕಾಲಕ್ಕೆ ನಿಂತಿತ್ತು.

ಬೇಟೆಯ ಧಾರೆ

ಹಳಗನ್ನಡದ ‘ಪಂದಿ’ ಎಂಬ ರೂಪ ಪಕಾರವು ಹಕಾರವಾದ ಬದಲಾವಣೆಯಿಂದ ‘ಹಂದಿ’ಯಾಯಿತು. ಕೊಡವ ಭಾಷೆಯಲ್ಲಿ ‘ಪಂದಿ’ ಇಂದಿಗೂ ಉಳಿದಿದೆ. ತುಳುವಿನಲ್ಲಿ ಅದು ‘ಪಂಜಿ’. ಕಾಡುಹಂದಿಯ ರೂಪದಲ್ಲಿ ಆರಾಧನೆಗೊಳ್ಳುವ ಪಂಜುರ್ಲಿ ದೈವ ತುಳುನಾಡಿನಲ್ಲಿ ಪ್ರಸಿದ್ಧ. ಹೊಲವನ್ನು ಹಾಳುಗೆಡಹುವ ಪ್ರಾಣಿಯೇ ಹೊಲವನ್ನು ಕಾಯುವ ದೈವವಾಗುವ ಈ ಪರಿ ಕೃಷಿಕನಿಗೂ ಕಾಡಿಗೂ ನಡುವಣ ಹಳೆಯ ಒಪ್ಪಂದವನ್ನು ಸೂಚಿಸುತ್ತದೆ.

ಹಂದಿಬೇಟೆಗೆ ಶಾಸನದ ಮಾನ್ಯತೆಯೂ ದೊರೆತಿದೆ. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. 949–50ರ ಶಾಸನ ಇದಕ್ಕೆ ಪ್ರಸಿದ್ಧ ನಿದರ್ಶನ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನು ಗಂಗ ಇಮ್ಮಡಿ ಬೂತುಗನಿಂದ ಬಹುಮಾನವಾಗಿ ಬೇಡಿ ಪಡೆದದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ನಾಯಿಯೂ ಹಂದಿಯೂ ಮಡಿದವು. ನಾಯಿಯ ನೆನಪಿಗೆ ಕಲ್ಲು ನಿಂತಿತು. ಅದರ ಪೂಜೆಗೆ ಭೂಮಿಯನ್ನೂ ಬಿಡಲಾಯಿತು. ಹಂದಿಯನ್ನು ಎದುರಿಸುವುದು ವೀರಕಾರ್ಯವೆಂಬ ಭಾವನೆ ಎಷ್ಟು ಬಲವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಶಿವಮೊಗ್ಗ ಸೀಮೆಯ ಮಟ್ಟಿಗೆ ಈ ಧಾರೆಯ ಸಾಹಿತ್ಯಿಕ ಚಿತ್ರಣ ದೊರೆಯುವುದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರ ಬರವಣಿಗೆಯಲ್ಲಿ. ‘ಮಲೆನಾಡಿನ ಚಿತ್ರಗಳು’ ಕೃತಿಯ ಪ್ರಬಂಧಗಳಲ್ಲಿ, ‘ಕಾನೂರು ಹೆಗ್ಗಡಿತಿ’ (1936) ಮತ್ತು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗಳಲ್ಲಿ ಬೇಟೆ, ನಾಯಿ, ಕೋವಿ ಹಾಗೂ ಕಡುಬು–ತುಂಡಿನ ಊಟಗಳು ಮಲೆನಾಡಿನ ಬದುಕಿನ ಭಾಗವಾಗಿ ಬರುತ್ತವೆ. ಹಳು ಸೋವುವವರು, ಬಿಲ್ಲಿಗೆ ನಿಲ್ಲುವವರು, ನಾಯಿ ಬಿಡುವವರು ಎಂದು ಬೇಟೆಯಲ್ಲಿ ಕೆಲಸ ಹಂಚಿಕೆಯಾಗುತ್ತಿತ್ತು. ಬೇಟೆ ಮುಗಿದ ಮೇಲೆ ಮಾಂಸವೂ ಹಾಗೆಯೇ ಪಾಲಾಗುತ್ತಿತ್ತು. ಪಾಲು ಹಾಕುವುದೆಂದರೆ ಊರಿನ ಮೇಲುಕೀಳುಗಳನ್ನು ಮಾಂಸದ ಗುಡ್ಡೆಗಳಲ್ಲಿ ಅಳೆದು ಇಡುವುದೇ ಆಗಿತ್ತು. ಕೊಡಗಿನಲ್ಲಿ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ದಿನ ಪಂದಿಕರಿ ಮತ್ತು ಕಡಂಬುಟ್ಟು ಕಡ್ಡಾಯವೆಂಬಂತೆ ಇರುವುದೂ ಬೇಟೆ ಮತ್ತು ಊಟದ ಇದೇ ನಂಟಿನ ಇನ್ನೊಂದು ರೂಪ.

ಮೆಣಸಿನಿಂದ ಮೆಣಸಿನಕಾಯಿಗೆ

ಈ ಅಡುಗೆಯ ಖಾರದ ಚರಿತ್ರೆ ಭಾಷೆಯಲ್ಲಿಯೇ ಅಡಗಿದೆ. ಕನ್ನಡದಲ್ಲಿ ‘ಮೆಣಸು’ ಎಂಬುದು ಮೂಲತಃ ಬಳ್ಳಿಯಲ್ಲಿ ಬಿಡುವ ಕಾಳುಮೆಣಸಿನ ಹೆಸರು. ಅಮೆರಿಕ ಖಂಡದ ಗಿಡವಾದ ಮೆಣಸಿನಕಾಯಿ ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂದಾಗ ಅದಕ್ಕೆ ಹೊಸ ಹೆಸರು ಹುಟ್ಟಲಿಲ್ಲ. ‘ಮೆಣಸಿನಂತೆ ಖಾರವಾದ ಕಾಯಿ’ ಎಂಬ ಅರ್ಥದಲ್ಲಿ ಹಳೆಯ ಹೆಸರೇ ವಿಸ್ತರಿಸಿತು. ಬಳಿಕ ಹೊಸ ಕಾಯಿಯೇ ಪ್ರಬಲವಾಗಿ, ಹಳೆಯ ಮೆಣಸಿಗೆ ‘ಕಾಳುಮೆಣಸು’, ‘ಕರಿಮೆಣಸು’, ‘ಒಳ್ಳೆಮೆಣಸು’ ಎಂಬ ವಿಶೇಷಣಗಳು ಬೇಕಾದವು. ತುಳುವಿನಲ್ಲಿಯೂ ಅದು ‘ಎಡ್ಡೆ ಮುಂಚಿ’, ಎಂದರೆ ಒಳ್ಳೆಯ ಮೆಣಸು. ಹಂಗಾಮಿಯಾಗಿ ಬಂದ ನೆಂಟ ಮನೆಯೊಡೆಯನ ಹೆಸರನ್ನೇ ಪಡೆದು, ಒಡೆಯನೇ ತಾನು ಯಾರೆಂದು ಹೇಳಿಕೊಳ್ಳಬೇಕಾದ ಸ್ಥಿತಿ ಇದು. ಜೀರಿಗೆಮೆಣಸು, ಇತ್ತೀಚಿನ ದೊಣ್ಣೆಮೆಣಸಿನಕಾಯಿ ಮುಂತಾದವೂ ಇದೇ ಮನೆತನಕ್ಕೆ ಸೇರಿಕೊಂಡವು. ಕಾಳುಮೆಣಸಿನ ಪಿಪೆರಿನ್ ಹಾಗೂ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬೇರೆ ಬೇರೆ ವಸ್ತುಗಳಾದರೂ ಬಾಯಲ್ಲಿ ಉರಿಯನ್ನು ಗ್ರಹಿಸುವ ಒಂದೇ ಗ್ರಾಹಕವನ್ನು ಎಬ್ಬಿಸುತ್ತವೆಂದು ಇಂದಿನ ವಿಜ್ಞಾನ ಹೇಳುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆದ ಜನರ ನಾಲಗೆ ತಪ್ಪಿರಲಿಲ್ಲ.

ಮೆಣಸು ಈ ಸೀಮೆಯ ರಾಜಕೀಯ ಚರಿತ್ರೆಯನ್ನೂ ರೂಪಿಸಿತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಆಕೆಯ ನಂತರ ಆ ಪ್ರದೇಶ ಕೆಳದಿ ಅರಸರಿಗೆ ಸೇರಿತು. ಹಿರಿಯ ವೆಂಕಟಪ್ಪ ನಾಯಕನ ಕಾಲದಲ್ಲಿ, 1623ರಲ್ಲಿ, ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯ ಬರಹದಿಂದ, ಆ ಮಾತುಕತೆಗಳಲ್ಲಿ ಮೆಣಸಿನ ವ್ಯಾಪಾರಕ್ಕಿದ್ದ ಮಹತ್ವ ತಿಳಿಯುತ್ತದೆ. ಸೊರಬ–ಸಾಗರ ಭಾಗದ ಕಾನುಗಳಲ್ಲಿ ಹಬ್ಬಿದ ಮೆಣಸಿನ ಬಳ್ಳಿ ಘಟ್ಟ ಇಳಿದು ಕರಾವಳಿಯ ಬಂದರುಗಳನ್ನು ಸೇರುತ್ತಿದ್ದರೆ, ಅದೇ ದಾರಿಯಲ್ಲಿ ಮೆಣಸಿನಕಾಯಿ ಘಟ್ಟ ಹತ್ತಿತು. ಹೊರಹೋದ ಸರಕಿಗೆ ಬೆಲೆಯಿತ್ತು. ಒಳಬಂದ ಗಿಡ ಹಿತ್ತಲಲ್ಲಿ ತಾನಾಗಿ ಬೆಳೆಯಿತು. ಬಡವರ ಅಡುಗೆಯಲ್ಲಿ ಕಾಳುಮೆಣಸಿನ ಸ್ಥಾನವನ್ನು ಮೆಣಸಿನಕಾಯಿ ಆಕ್ರಮಿಸಿದ್ದಕ್ಕೆ ಇದೇ ಮುಖ್ಯ ಕಾರಣವೆಂದು ಊಹಿಸಬಹುದು. ಕಾಳುಮೆಣಸು ಮಾರುವ ಬೆಳೆಯಾಯಿತು, ಮೆಣಸಿನಕಾಯಿ ಉಣ್ಣುವ ಬೆಳೆಯಾಯಿತು. ಹಂದಿಮಾಂಸದ ಅಡುಗೆ ಮಾತ್ರ ಹಳೆಯ ಮೆಣಸನ್ನು ಪೂರ್ತಿಯಾಗಿ ಬಿಟ್ಟುಕೊಡಲಿಲ್ಲ. ಕೊಬ್ಬಿನ ಜಿಡ್ಡನ್ನು ಕಡಿಯಲು ಕಾಳುಮೆಣಸೇ ಆಗಬೇಕೆಂಬ ನಂಬಿಕೆ ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಇಂದಿಗೂ ಬಲವಾಗಿದೆ.

ಅಡುಗೆಯ ಕ್ರಮ

ಹಂದಿಯ ಮುಂಗಾಲಿನ ಮೇಲಣ ಭುಜದ ಭಾಗ ಈ ಅಡುಗೆಗೆ ಹೇಳಿ ಮಾಡಿಸಿದಂಥದು. ಪ್ರಾಣಿ ಸದಾ ದುಡಿಸಿಕೊಳ್ಳುವ ಅಂಗವಾದ್ದರಿಂದ ಅಲ್ಲಿ ಮಾಂಸದ ಎಳೆಗಳ ನಡುವೆ ಕೊಬ್ಬೂ ನಾರಿನಂತಹ ಅಂಟುಪೊರೆಯೂ ಹೆಚ್ಚು. ಅವಸರದಲ್ಲಿ ಬೇಯಿಸಿದರೆ ಅದು ಗಟ್ಟಿ. ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿದಾಗ ಆ ಪೊರೆ ಕರಗಿ ಸಾರಿಗೆ ಮಂದತನವನ್ನೂ ಮಾಂಸಕ್ಕೆ ಮೃದುತ್ವವನ್ನೂ ಕೊಡುತ್ತದೆ. ಅಡುಗೆಯವರು ಇದನ್ನು ‘ಅಂಟು ಬಿಡುವುದು’ ಎಂಬ ಅನುಭವದಿಂದ ಅರಿತಿದ್ದಾರೆ.

ಮಲೆನಾಡಿನ ಕ್ರಮದಲ್ಲಿ ಮೊದಲ ಕೆಲಸ ಸುಡುವುದು. ಹುಲ್ಲಿನ ಇಲ್ಲವೆ ಸೋಗೆಯ ಉರಿಯಲ್ಲಿ ಕೂದಲನ್ನು ಸುಟ್ಟು, ಕತ್ತಿಯಿಂದ ಹೆರೆದು, ತೊಳೆದು, ತೊಗಲು ಮತ್ತು ಕೊಬ್ಬು ಸಮೇತ ಹೋಳು ಮಾಡುತ್ತಾರೆ. ಸುಟ್ಟ ತೊಗಲಿನ ಕಂಪು ಈ ಅಡುಗೆಯ ಮೊದಲ ಮಸಾಲೆ. ಹೋಳುಗಳಿಗೆ ಉಪ್ಪು, ಅರಿಸಿನ ಹಚ್ಚಿ, ಎಣ್ಣೆ ಸೋಕಿಸದೆಯೇ ಪಾತ್ರೆಗೆ ಹಾಕಿ ಬಿಸಿಮಾಡಿದಾಗ ಮಾಂಸದ ಕೊಬ್ಬೇ ಕರಗಿ ಹುರಿಯಲು ಸಾಕಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಮತ್ತು ಹಸಿಮೆಣಸಿನಕಾಯಿ ಇದಕ್ಕೆ ಸೇರುತ್ತವೆ. ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಂತ್ಯ ಮತ್ತು ಕಾಳುಮೆಣಸನ್ನು ಕಪ್ಪಾಗುವ ಅಂಚಿನವರೆಗೆ ಹುರಿದು ಪುಡಿಮಾಡಿ ಕೊನೆಯಲ್ಲಿ ಹಾಕುವುದು ರೂಢಿ. ಖಾರದ ಸತ್ವ ಕೊಬ್ಬಿನಲ್ಲಿ ಸುಲಭವಾಗಿ ಬೆರೆಯುವುದರಿಂದ ಈ ಮಸಾಲೆ ಹೋಳಿನ ಹೊರಮೈಗೆ ಚೆನ್ನಾಗಿ ಹತ್ತಿಕೊಳ್ಳುತ್ತದೆ. ಜೊತೆಗೆ ಕಡುಬು ಅಥವಾ ಅಕ್ಕಿರೊಟ್ಟಿ ಇರುತ್ತದೆ.

ಹುಳಿಯ ವಿಷಯದಲ್ಲಿ ಸೀಮೆಯಿಂದ ಸೀಮೆಗೆ ಭೇದವಿದೆ. ಕೊಡಗಿನಲ್ಲಿ ಪಣಪುಳಿ ಹಣ್ಣಿನ ರಸವನ್ನು ಕಪ್ಪಗೆ ಮಂದವಾಗುವವರೆಗೆ ಕಾಯಿಸಿದ ಕಾಚಂಪುಳಿ; ಶಿವಮೊಗ್ಗ, ಉತ್ತರ ಕನ್ನಡಗಳಲ್ಲಿ ಅದೇ ಜಾತಿಯ ಮರದ ಹಣ್ಣು ಉಪ್ಪಾಗೆ. ಇದರ ಜೊತೆಗೆ ಒಣಗಿಸಿಟ್ಟ ವಾಟೆಹುಳಿ, ಹುಣಿಸೆ ಮತ್ತು ನಿಂಬೆ ಕೂಡ ಬಳಕೆಯಲ್ಲಿವೆ. ಹುಳಿ ರುಚಿಗಷ್ಟೇ ಅಲ್ಲದೆ ಮಾಂಸ ಕೆಡದೆ ಉಳಿಯಲೂ ಸಹಾಯಕ. ಮಳೆಗಾಲದ ಮಲೆನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. 1990ರ ದಶಕದಲ್ಲಿ ತೂಕ ಇಳಿಸುವ ಔಷಧಿಗಳಿಗಾಗಿ ಉಪ್ಪಾಗೆಯ ಸಿಪ್ಪೆಗೆ ಹೊರದೇಶಗಳಲ್ಲಿ ಬೇಡಿಕೆ ಏರಿದಾಗ ಹಣ್ಣು ಮಾಗುವ ಮೊದಲೇ ಕೊಂಬೆ ಸಹಿತ ಕಡಿದು ಕೊಯ್ಯುವ ಪ್ರವೃತ್ತಿ ಪಶ್ಚಿಮಘಟ್ಟದಲ್ಲಿ ಕಾಣಿಸಿಕೊಂಡಿತು. ಮೆಣಸಿನ ಹಾಗೆಯೇ ಹುಳಿಯೂ ಉಣ್ಣುವ ಪದಾರ್ಥದಿಂದ ಮಾರುವ ಪದಾರ್ಥವಾದ ಬಗೆ ಇದು.

ಎಲ್ಲ ಮನೆಗಳಲ್ಲೂ ಈ ಅಡುಗೆ ಒಳಗಿನ ಒಲೆಯನ್ನು ಏರಲಿಲ್ಲ. ವ್ರತ, ಮನೆದೇವರ ಕಟ್ಟಳೆಗಳಿದ್ದ ಕಡೆ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಬೇರೆಯಾಗಿಯೇ ಇಟ್ಟ ಪಾತ್ರೆಯಲ್ಲಿ ಬೇಯಿಸುವುದು ವಾಡಿಕೆ. ಇಂಥ ಕಡೆಗಳಲ್ಲಿ ಒಳಗಿನ ಒಲೆ ಹೆಂಗಸರದಾದರೆ ಹೊರಗಿನ ಒಲೆ ಬಹುಮಟ್ಟಿಗೆ ಗಂಡಸರ ಪಾಲಿಗೆ ಬಂದಿತು.

ಭದ್ರಾವತಿಯ ಕುಲುಮೆ, ಶಿವಮೊಗ್ಗದ ಪೇಟೆ

ಹಳ್ಳಿಯ ಅಂಗಳದಿಂದ ಈ ಅಡುಗೆ ಪೇಟೆಯನ್ನು ಸೇರಿದ ಬಗೆಯನ್ನು ಅರಿಯಲು ಭದ್ರಾವತಿಯತ್ತ ನೋಡಬೇಕು. ಬೆಂಕಿಪುರವೆಂದು ಹೆಸರಿದ್ದ ಭದ್ರಾ ನದಿ ದಂಡೆಯ ಈ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಆರಂಭವಾಗಿ 1923ರಲ್ಲಿ ಉತ್ಪಾದನೆ ಶುರುವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಡನೆ ಬೆಸೆದುಕೊಂಡ ಈ ಕಾರ್ಖಾನೆ ಮೊದಲಿಗೆ ಕಾಡಿನ ಸೌದೆಯ ಇದ್ದಿಲಿನಿಂದ ನಡೆಯಿತು. ಅದಿರು ಕೆಮ್ಮಣ್ಣುಗುಂಡಿಯ ಕಡೆಯಿಂದ ಬಂದಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಗೊಂಡಿತು. ಕಾಡನ್ನು ಇಂಧನವಾಗಿಯೂ ಕಚ್ಚಾವಸ್ತುವಾಗಿಯೂ ಬಳಸಿದ ಈ ಉದ್ಯಮಗಳು ಒಂದು ಕಡೆ ಬೇಟೆಯ ನೆಲೆಯನ್ನು ಕುಗ್ಗಿಸಿದರೆ, ಇನ್ನೊಂದು ಕಡೆ ಕನ್ನಡ, ತಮಿಳು, ತೆಲುಗು, ಮಲಯಾಳ, ತುಳು, ಕೊಂಕಣಿ ಮಾತಾಡುವ ಕಾರ್ಮಿಕರನ್ನು ಒಂದೆಡೆ ತಂದು ನಿಲ್ಲಿಸಿದವು. ಪಾಳಿಯ ದುಡಿಮೆ, ವಾರದ ರಜೆ, ತಿಂಗಳ ಸಂಬಳ ಎಂಬ ಹೊಸ ಕಾಲಗಣನೆ ಊಟದ ಕಾಲವನ್ನೂ ಬದಲಿಸಿತು. ಹಬ್ಬಕ್ಕೋ ಬೇಟೆಗೋ ಕಾದಿದ್ದ ಮಾಂಸದೂಟ ವಾರದ ರಜೆಯ ಊಟವಾಗತೊಡಗಿತು.

ಕರಾವಳಿಯಿಂದ ಬಂದ ಕೊಂಕಣಿ ಕ್ರೈಸ್ತರು ‘ದುಕ್ರಾ ಮಾಸ್’ ಎಂಬ ತಮ್ಮ ಅಡುಗೆಯನ್ನು ತಂದರು. ಇದರಲ್ಲಿ ಮಲೆನಾಡಿನ ಕಪ್ಪುಮಸಾಲೆಯ ಬದಲು ಒಣಮೆಣಸಿನಕಾಯಿ ಮುಂದಾಗಿರುವ ಬಫಾತ್ ಪುಡಿ, ಕಾಡುಹಣ್ಣಿನ ಬದಲು ವಿನೆಗರ್, ಕಡುಬಿನ ಬದಲು ಸಣ್ಣಾ ಇವೆ. ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಯಲ್ಲಿ ಹಂದಿಮಾಂಸವನ್ನು ನೆನೆಹಾಕುವ ಪೋರ್ಚುಗೀಸ್ ಕ್ರಮವು ಗೋವೆಯಲ್ಲಿ ವಿನೆಗರ್ ಮತ್ತು ಮೆಣಸಿನಕಾಯಿಗಳನ್ನು ಕೂಡಿಸಿಕೊಂಡು ವಿಂದಾಲೂ ಆದದ್ದು ಪ್ರಸಿದ್ಧ; ಅದೇ ಪರಂಪರೆಯ ನೆರಳು ಇಲ್ಲಿಯೂ ಇದೆ. ಶಿವಮೊಗ್ಗಕ್ಕೆ 1988ರಲ್ಲಿ ಪ್ರತ್ಯೇಕ ಕ್ಯಾಥೊಲಿಕ್ ಧರ್ಮಪ್ರಾಂತ್ಯ ರಚನೆಯಾದದ್ದು ಈ ಸಮುದಾಯ ಇಲ್ಲಿ ಬೇರೂರಿದ್ದಕ್ಕೆ ಸಾಕ್ಷಿ. ಸೋಮೇಶ್ವರನ ಹುಳಿ–ಮೆಣಸು, ಕೊಡಗಿನ ಕಾಚಂಪುಳಿ–ಕಾಳುಮೆಣಸು, ಕರಾವಳಿಯ ವಿನೆಗರ್–ಒಣಮೆಣಸಿನಕಾಯಿ ಇವು ಒಂದೇ ಸೂತ್ರದ ಮೂರು ರೂಪಗಳು. ಕೊಬ್ಬು, ಖಾರ, ಹುಳಿ ಎಂಬ ಸಮತೋಲ ಉಳಿದು, ಪದಾರ್ಥಗಳು ಮಾತ್ರ ಬದಲಾದವು. ಈಚಿನ ದಶಕಗಳಲ್ಲಿ ಪೇಟೆಯ ಹೋಟೆಲುಗಳಿಗೆ ಬಂದ, ದೊಣ್ಣೆಮೆಣಸಿನಕಾಯಿ, ಈರುಳ್ಳಿ ಮತ್ತು ಸೋಯಾ ಸಾಸ್ ಹಾಕಿ ದೊಡ್ಡ ಉರಿಯಲ್ಲಿ ಹುರಿಯುವ ‘ಚಿಲ್ಲಿ ಪೋರ್ಕ್’ ಈ ಸರಣಿಯ ಕೊನೆಯ ಕೊಂಡಿ.

ಸಾಕಿದವರ ಚರಿತ್ರೆ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಚರಿತ್ರೆಯನ್ನು ತಿರುಗಿಸಿತು. ಕಾಡುಹಂದಿಯನ್ನು ಮನಬಂದಂತೆ ಬೇಟೆಯಾಡುವುದು ಅಪರಾಧವಾಯಿತು. ಊಟ ಉಳಿಯಬೇಕಾದರೆ ಮಾಂಸ ದೊಡ್ಡಿಯಿಂದಲೇ ಬರಬೇಕಾಯಿತು. ಇಲ್ಲಿಯೇ ಇದುವರೆಗಿನ ಚರಿತ್ರೆ ಹೇಳದೆ ಬಿಟ್ಟ ಸಮುದಾಯಗಳು ಮುಂದೆ ಬರುತ್ತವೆ. ಹಂದಿ ಸಾಕಣೆಯನ್ನೇ ಹೆಸರಿನಲ್ಲಿ ಹೊತ್ತ ಹಂದಿಜೋಗಿಗಳು, ಹಾಗೂ ಕೊರಚ, ಕೊರಮ ಸಮುದಾಯಗಳು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಸೇರಿವೆ. ಊರಿಂದೂರಿಗೆ ತಿರುಗುತ್ತಾ ನಾಟಿ ಔಷಧಿ ಕೊಡುತ್ತಾ, ಹಂದಿಯ ಹಿಂಡನ್ನು ಸಾಗಿಸುತ್ತಾ ಬಂದ ಹಂದಿಜೋಗಿಗಳು ಜಾನಪದ ಅಧ್ಯಯನಕ್ಕೆ ಅಪರಿಚಿತರಲ್ಲ. ಆದರೆ ಅವರನ್ನು ಅಲೆಮಾರಿಗಳೆಂದು, ವೈದ್ಯಜ್ಞಾನದ ವಾಹಕರೆಂದು ದಾಖಲಿಸಿದಷ್ಟು, ಒಂದು ಆಹಾರ ಪರಂಪರೆಯ ಆಧಾರವೆಂದು ದಾಖಲಿಸಿದ್ದು ಕಡಿಮೆ.

ಬೇಟೆಯಾಡಿ ತಂದ ಹಂದಿಗೆ ವೀರಗಲ್ಲೂ ಕಾದಂಬರಿಯೂ ದೊರೆತರೆ, ಸಾಕಿ ತಂದ ಹಂದಿಗೆ ದೊರೆತದ್ದು ಊರಾಚೆಯ ಜಾಗ. ಒಂದೇ ಪ್ರಾಣಿ, ಒಂದೇ ಮಸಾಲೆ. ಆದರೆ ಕೋವಿ ಹಿಡಿದ ಕೈಗೆ ಮರ್ಯಾದೆ, ದೊಡ್ಡಿ ಗುಡಿಸಿದ ಕೈಗೆ ಅಸ್ಪೃಶ್ಯತೆ. 1800–01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿ, ನಗರ–ಇಕ್ಕೇರಿ ಭಾಗವನ್ನೂ ಹಾದುಹೋದ ಫ್ರಾನ್ಸಿಸ್ ಬುಕಾನನ್ ಯಾವ ಜಾತಿಯವರು ಯಾವ ಮಾಂಸವನ್ನು ಉಣ್ಣುತ್ತಾರೆಂಬುದನ್ನು ಹಲವೆಡೆ ಗುರುತಿಸುತ್ತಾ ಹೋದ. ಆ ಬಗೆಯ ದಾಖಲೆಗಳು ಉಣ್ಣುವವರನ್ನು ವರ್ಗೀಕರಿಸಿದವೇ ಹೊರತು, ಹೇಗೆ ಬೇಯಿಸುತ್ತಾರೆ, ಹೇಗೆ ಸಾಕುತ್ತಾರೆ ಎಂಬುದನ್ನು ಕೇಳಲಿಲ್ಲ. ಊಟವು ಜಾತಿಯ ಗುರುತಾಯಿತು, ಜ್ಞಾನವಾಗಲಿಲ್ಲ.

ನಗರ ಬೆಳೆದಂತೆ ಈ ಸಮಸ್ಯೆ ಬೇರೆ ರೂಪ ತಾಳಿತು. ಬೀದಿಯಲ್ಲಿ ಮೇಯುವ ಹಂದಿಯಿಂದ ಲಾಡಿಹುಳುವಿನ ಸೋಂಕು ಮೊದಲಾದ ಅಪಾಯಗಳಿರುವುದು ನಿಜ. ಮಾಂಸವನ್ನು ಪೂರ್ತಿ ಬೇಯಿಸಬೇಕೆಂಬ ಹಳೆಯ ಕಟ್ಟುನಿಟ್ಟಿಗೂ ಈ ಅನುಭವವೇ ಕಾರಣವಿರಬಹುದು. ಬೀದಿಹಂದಿಗಳನ್ನು ಹೊರಸಾಗಿಸುವ ಪೌರಕ್ರಮಗಳಿಗೆ ಆರೋಗ್ಯದ ಸಮರ್ಥನೆ ಇದೆ. ಆದರೆ ಸಾಕುವವರಿಗೆ ನೆಲ, ನೀರು ಮತ್ತು ಮುಚ್ಚಿದ ದೊಡ್ಡಿಯ ಅನುಕೂಲ ದೊರೆಯದೆ ಹೋದರೆ ಆ ಕ್ರಮ ಪ್ರಾಣಿಯ ಜೊತೆಗೆ ಒಂದು ಕಸುಬನ್ನೂ ಹೊರಹಾಕುತ್ತದೆ. ವಿದೇಶಿ ತಳಿಯ ಬಿಳಿ ಹಂದಿಯ ಸಾಕಣೆಗೆ ತರಬೇತಿ, ಸಾಲ ಒದಗುವ ಈ ಕಾಲದಲ್ಲಿ ಅದರ ಲಾಭ ಬಂಡವಾಳ ಉಳ್ಳವರನ್ನು ಸೇರಿ, ತಲೆಮಾರುಗಳಿಂದ ಹಂದಿಯನ್ನು ಬಲ್ಲವರು ಹೊರಗುಳಿಯುವ ಅಪಾಯ ಇದೆ. ಕಪ್ಪು ನಾಟಿಹಂದಿಯ ದಪ್ಪ ಕೊಬ್ಬು ಮತ್ತು ಸುಟ್ಟ ತೊಗಲಿನ ಕಂಪನ್ನು ಆಧರಿಸಿ ರೂಪುಗೊಂಡ ಅಡುಗೆಯ ಹದವೂ ಇದರೊಡನೆ ಬದಲಾಗುತ್ತದೆ.

ಹಂದಿಮಾಂಸವನ್ನು ನಿಷಿದ್ಧವೆಂದು ಭಾವಿಸುವ ಸಮುದಾಯಗಳೂ, ಮಾಂಸವನ್ನೇ ಮುಟ್ಟದ ಸಮುದಾಯಗಳೂ, ಇದನ್ನು ಹಬ್ಬದೂಟವಾಗಿ ಉಣ್ಣುವ ಸಮುದಾಯಗಳೂ ಶಿವಮೊಗ್ಗ–ಭದ್ರಾವತಿಗಳಲ್ಲಿ ಒಂದೇ ಬೀದಿಯನ್ನು ಬಳಸುತ್ತವೆ. ಬೇರೆ ಪಾತ್ರೆ, ಅಂಗಳದ ಒಲೆ ಮುಂತಾದ ವಾಡಿಕೆಗಳು ಕಟ್ಟಳೆಯ ಫಲವಾಗಿರುವಂತೆಯೇ ಜೊತೆಯಾಗಿ ಬಾಳುವ ಉಪಾಯಗಳೂ ಆಗಿವೆ.

ಸಮಾರೋಪ

ಶಿವಮೊಗ್ಗ–ಭದ್ರಾವತಿ ಪರಿಸರದ ಹಂದಿಮಾಂಸದ ಅಡುಗೆ ಕಾನಿನ ಮೆಣಸು, ಕಡಲಾಚೆಯ ಮೆಣಸಿನಕಾಯಿ, ಘಟ್ಟದ ಹುಳಿ ಮತ್ತು ಕಾರ್ಖಾನೆಯ ವಲಸೆಗಳನ್ನು ಒಟ್ಟಿಗೆ ಹಿಡಿದಿಟ್ಟ ದಾಖಲೆ. ಪಾಕಗ್ರಂಥಗಳು ಬರೆಯದೆ ಬಿಟ್ಟದ್ದನ್ನು ‘ಮೆಣಸಿನಕಾಯಿ’, ‘ಒಳ್ಳೆಮೆಣಸು’ ಎಂಬಂಥ ಪದಗಳೂ ಒಲೆಯ ಮುಂದಣ ಕೈಯ ಹದವೂ ಕಾಪಾಡಿಕೊಂಡು ಬಂದಿವೆ. ಇನ್ನು ಮುಂದಿನ ಅಧ್ಯಯನ ನಡೆಯಬೇಕಾದುದು ಹಂದಿ ಸಾಕುವ ಸಮುದಾಯಗಳ ಪದಸಂಪತ್ತು, ತಳಿಯ ಅರಿವು, ಔಷಧಜ್ಞಾನ ಮತ್ತು ಅಡುಗೆಯ ಕ್ರಮಗಳ ಕುರಿತು. ಅದೂ ಅವರ ಮಾತಿನಲ್ಲಿಯೇ. ಆತಕೂರಿನಲ್ಲಿ ಹಂದಿಯೊಡನೆ ಕಾದು ಮಡಿದ ನಾಯಿಗೆ ಸಾವಿರ ವರ್ಷಗಳ ಹಿಂದೆಯೇ ಕಲ್ಲು ನಿಂತಿತು. ಹಂದಿಯನ್ನು ಸಾಕಿ ನಾಡಿಗೆ ಉಣಬಡಿಸಿದವರಿಗೆ ಕನ್ನಡದ ಚರಿತ್ರೆಯಲ್ಲಿ ಒಂದು ಸಾಲು ಇನ್ನೂ ದೊರೆಯಬೇಕಾಗಿದೆ.